ಸೂಕ್ಷ್ಮೇಂದ್ರಿಯದ ಮಕ್ಕಳೂ ನಮ್ಮ ಹಬ್ಬ-ಜಾತ್ರೆಗಳೂ

(ಶ್ರೀಮಠದ ಮಹೋತ್ಸವದ ನಿಮಿತ್ತ ಜರುಗಿದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಇಂಥ ಗೋಷ್ಠಿಗಳಲ್ಲಿ ಪಾಠಶಾಲೆಯಲ್ಲಿ ಓದಿದ ನಮ್ಮಂಥವರು ಅಷ್ಟಾವರಣವನ್ನೋ ಷಟ್‌ಸ್ಥಲವನ್ನೋ ಕುರಿತು ಮಾತಾಡುವದು ವಾಡಿಕೆ. ಈ ಸಲ ನಾನು ಎತ್ತಿಕೊಂಡ ವಿಷಯವು ಮೇಲ್ನೋಟಕ್ಕೆ ಬೇರೆ ಬಗೆಯದಾಗಿ ಕಂಡೀತು. ಹಬ್ಬ-ಜಾತ್ರೆಗಳ ಸದ್ದು, ಬೆಳಕು, ವಾಸನೆ, ನೂಕುನುಗ್ಗಲುಗಳನ್ನು ತಾಳಲಾರದ ಮಕ್ಕಳ ವಿಷಯವದು. ಆದರೆ ಅದು ಷಟ್‌ಸ್ಥಲಕ್ಕೆ ಹೊರಗಾದುದಲ್ಲವೆಂಬದು ಮುಂದೆ ತಮಗೇ ತಿಳಿದುಬರುವದು.

ಹಬ್ಬ ಬಂದರೆ ಮಕ್ಕಳು ಹಿಗ್ಗುವವೆಂಬದು ಲೋಕಾನುಭವ. ನಾಗರಪಂಚಮಿಯ ಜೋಕಾಲಿ, ಕಾರಹುಣ್ಣಿವೆಯ ಎತ್ತುಗಳ ಓಟ, ದೀಪಾವಳಿಯ ಪಟಾಕಿ, ತೇರಿನ ಮೇಲೆ ಹಾರುವ ಉತ್ತತ್ತಿ-ಬಾಳೆಹಣ್ಣು, ಬೆಂಡು-ಬತ್ತಾಸದ ಅಂಗಡಿ, ಪೀಪಿಯ ಕೂಗು, ಇವೆಲ್ಲ ಮಕ್ಕಳಿಗಾಗಿಯೇ ಹುಟ್ಟಿದವೇನೋ ಎನ್ನಿಸುವದು. ಆದರೆ ಹಬ್ಬದ ದಿನವೇ ಕಿವಿ ಮುಚ್ಚಿಕೊಂಡು ಮೂಲೆ ಸೇರುವ, ಹೊಸ ಅಂಗಿಯನ್ನು ಕಿತ್ತೊಗೆಯುವ, ಹೋಳಿಗೆಯ ತುತ್ತನ್ನು ಉಗುಳುವ, ಎತ್ತಿಕೊಂಡವರನ್ನು ಕಚ್ಚುವ ಮಕ್ಕಳೂ ಊರಿಗೆ ಒಂದೆರಡಾದರೂ ಉಂಟು. ಅಂಥವರನ್ನು ಹಟಮಾರಿಗಳೆಂದು ಕರೆಯುವರು. ದೃಷ್ಟಿ ತಗುಲಿತೆನ್ನುವರು, ಗಾಳಿ ಸೋಂಕಿತೆಂದು ತಾಯಿತ ಕಟ್ಟಿಸುವರು. ಬಡಿದು ಕೂಡ್ರಿಸುವವರೂ ಇಲ್ಲದಿಲ್ಲ. ಮೂಡಲಗಿಯ ಕಡೆಯ ಒಬ್ಬ ತಾಯಿ ನನ್ನ ಮುಂದೆ ಹೇಳಿದ ಮಾತನ್ನು ಅವಳ ನುಡಿಯಲ್ಲಿಯೇ ಹೇಳುತ್ತೇನೆ: “ಶಾಸ್ತ್ರ್ಯಾರ, ಜಾತ್ರಿ ಹತ್ರ ಬಂತಂದ್ರ ಎಲ್ಲಾರ ಮನ್ಯಾಗ ಸುಣ್ಣ-ಬಣ್ಣ ನಡದಿರತೈತಿ, ನನಗ ಎದಿ ಡವಡವ ಅಂತೈತಿ. ಮಗನ್ನ ಕರಕೊಂಡು ತೇರಿಗೆ ಬರಾಕ ಆಗೂದಿಲ್ಲ, ಬಿಟ್ಟು ಬರಾಕೂ ಆಗೂದಿಲ್ಲ. ಏಳ ವರ್ಷ ಆತು ತೇರ ನೋಡಿ.” ಏಳು ವರುಷಗಳ ಕಾಲ ಒಂದು ಭಕ್ತಕುಟುಂಬವು ತನ್ನ ಗುರುಮಠದ ತೇರಿಗೆ ಎರವಾಯಿತು. ಬಹಿಷ್ಕಾರವನ್ನು ಯಾರೂ ಹಾಕಲಿಲ್ಲ. ನಮ್ಮ ಉತ್ಸವದ ಭರವೇ ಹಾಕಿತು.

ಆ ಹುಡುಗನದು ಹಟವೂ ಅಲ್ಲ, ಗಾಳಿಯೂ ಅಲ್ಲ. ಅಮೇರಿಕದ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು ೧೯೪೩ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ಇಂದು ಆಟಿಸಂ ಎಂದು ಕರೆಯಲ್ಪಡುವ ಸ್ಥಿತಿಯ ಅಭ್ಯಾಸಕ್ಕೆ ಅದು ಅಡಿಗಲ್ಲಾಯಿತು. ದೊಡ್ಡ ಸದ್ದಿಗೂ ಚಲಿಸುವ ವಸ್ತುಗಳಿಗೂ ಆ ಮಕ್ಕಳು ಅತಿಯಾಗಿ ಬೆದರುತ್ತಿದ್ದುದನ್ನು ಅವರು ಆಗಲೇ ಗುರುತಿಸಿದ್ದರು. ೨೦೧೩ರಲ್ಲಿ ಅಮೇರಿಕದ ಮನೋವೈದ್ಯಸಂಘವು ತನ್ನ ಕೈಪಿಡಿಯನ್ನು ಹೊಸದಾಗಿ ಹೊರತಂದಾಗ, ಇಂದ್ರಿಯವಿಷಯಗಳಿಗೆ ಅತಿಯಾಗಿ ಇಲ್ಲವೆ ತೀರ ಕಡಿಮೆಯಾಗಿ ಪ್ರತಿಸ್ಪಂದಿಸುವದನ್ನು ಆ ಸ್ಥಿತಿಯ ಲಕ್ಷಣಗಳಲ್ಲಿ ಒಂದಾಗಿ ಸೇರಿಸಿತು. ನಮ್ಮ ದೇಶದಲ್ಲಿ ೧೯೯೫ರ ಕಾಯದೆಯು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಹೇಳಿತ್ತು. ೨೦೧೬ರ ಕಾಯದೆಯು ಇಪ್ಪತ್ತೊಂದನ್ನು ಹೇಳಿ ಆಟಿಸಂನ್ನೂ ಅವುಗಳಲ್ಲಿ ಗಣಿಸಿದೆ. ಇಂದ್ರಿಯಗಳು ಅತಿಸೂಕ್ಷ್ಮವಾಗಿರುವ ಮಕ್ಕಳೆಲ್ಲ ಆಟಿಸಂ ಉಳ್ಳವರೇ ಆಗಿರಬೇಕೆಂದಿಲ್ಲ. ಮತ್ತೆ ಯಾವ ತೊಂದರೆಯೂ ಇಲ್ಲದ, ಪಾಠದಲ್ಲಿ ಚುರುಕಾದ ಹುಡುಗಿಯೂ ಪಟಾಕಿಯ ಒಂದು ಸದ್ದಿಗೆ ದಿನವಿಡೀ ಅನ್ನ ಬಿಟ್ಟಾಳು. ಹೆಸರು ಯಾವುದಾದರೂ ಇರಲಿ, ಮಗುವಿಗಾಗುವ ಸಂಕಟವು ನಟನೆಯಲ್ಲ.

ಅಂಥ ಸಂಕಟವನ್ನು ಉಂಡವರೇ ದೊಡ್ಡವರಾಗಿ ಅದನ್ನು ಬರೆದುದೂ ಉಂಟು. ಆಟಿಸಂ ಇದ್ದೂ ಪ್ರಾಧ್ಯಾಪಕಿಯಾದ ಅಮೇರಿಕದ ಟೆಂಪಲ್ ಗ್ರ್ಯಾಂಡಿನ್ ಎಂಬ ವಿದುಷಿಯು, ಶಾಲೆಯ ಘಂಟೆಯ ಸದ್ದು ತನಗೆ ಹಲ್ಲಿನ ನರಕ್ಕೆ ವೈದ್ಯನ ಕೊರೆಯುವ ಯಂತ್ರ ತಾಗಿದಂತೆ ಆಗುತ್ತಿತ್ತೆಂದು ಹೇಳಿದ್ದಾಳೆ. ಭಾನುವಾರ ಪ್ರಾರ್ಥನೆಗೆಂದು ತೊಡಿಸುತ್ತಿದ್ದ ಗರಿಗರಿಯಾದ ಬಟ್ಟೆಯು ಬಡಗಿಯ ಉಪ್ಪುಕಾಗದದಿಂದ ಮೈಯನ್ನು ಉಜ್ಜಿದಂತೆ ಇರುತ್ತಿತ್ತಂತೆ. ನಮ್ಮ ಮನೆಗಳಲ್ಲಿ ಜರಿಯಂಚಿನ ಹೊಸ ಅಂಗಿಯನ್ನು ಕಿತ್ತೊಗೆದು ಬೈಸಿಕೊಳ್ಳುವ ಕೂಸಿಗೆ ಬಾಯಿ ಇದ್ದಿದ್ದರೆ ಇದನ್ನೇ ಹೇಳುತ್ತಿತ್ತು.

ಇನ್ನು ನನ್ನ ಓದಿನ ಕಡೆಗೆ ಬರುತ್ತೇನೆ. ಹೊಸ ಕಾಲದ ಪ್ರತಿಯೊಂದು ಶೋಧವೂ ನಮ್ಮ ಹಳೆಯ ಗ್ರಂಥಗಳಲ್ಲಿತ್ತೆಂದು ಸಾಧಿಸುವ ಚಪಲವು ನನಗಿಲ್ಲ. ಚರಕಾಚಾರ್ಯರು ಈ ಮಕ್ಕಳನ್ನು ಕಂಡು ಬರೆದರೆಂದೂ ನಾನು ಹೇಳುವದಿಲ್ಲ. ಆದರೆ ರೋಗಕ್ಕೆ ಕಾರಣಗಳನ್ನು ಹೇಳುವಾಗ ಚರಕಸಂಹಿತೆಯ ಸೂತ್ರಸ್ಥಾನವು ಇಂದ್ರಿಯಕ್ಕೂ ಅದರ ವಿಷಯಕ್ಕೂ ಆಗುವ ಕೂಟವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಅತಿಯೋಗ, ಅಯೋಗ, ಮಿಥ್ಯಾಯೋಗ. ಕಿವಿಗೆ ಅತಿಯೋಗವೆಂದರೆ ಯಾವುದೆಂದು ಹೇಳುವಾಗ ಆ ಗ್ರಂಥವು ಗುಡುಗನ್ನೂ, ಪಟಹವೆಂಬ ದೊಡ್ಡ ಭೇರಿಯನ್ನೂ, ಗಟ್ಟಿಯಾದ ಕೂಗಾಟವನ್ನೂ ಹೆಸರಿಸುತ್ತದೆ. ಗುಡುಗನ್ನು ನಾವು ತಡೆಯಲಾರೆವು. ಉಳಿದೆರಡೂ ನಮ್ಮ ಕೈಯಲ್ಲಿರುವವು. ಅಲ್ಲದೆ ಸಾತ್ಮ್ಯವೆಂಬ ಇನ್ನೊಂದು ಮಾತು ವೈದ್ಯಶಾಸ್ತ್ರದಲ್ಲಿ ಬರುವದು. ಒಬ್ಬನ ಪ್ರಕೃತಿಗೆ ಒಗ್ಗಿದುದು ಇನ್ನೊಬ್ಬನಿಗೆ ಒಗ್ಗಲೇಬೇಕೆಂಬ ನಿಯಮವಿಲ್ಲ. ನೂರು ಜನಕ್ಕೆ ಸಮಯೋಗವಾದ ಸದ್ದು ಒಬ್ಬ ಬಾಲಕನಿಗೆ ಅತಿಯೋಗವಾಗಬಹುದು. ಅವನ ಅಳತೆಗೋಲು ಅವನ ಕಿವಿಯೇ, ನಮ್ಮ ಕಿವಿಯಲ್ಲ.

ನಮ್ಮ ಷಟ್‌ಸ್ಥಲಶಾಸ್ತ್ರವು ಈ ವಿಚಾರವನ್ನು ಬೇರೊಂದು ಎತ್ತರಕ್ಕೆ ಒಯ್ಯುತ್ತದೆ. ಆಚಾರಲಿಂಗಕ್ಕೆ ನಾಸಿಕ, ಗುರುಲಿಂಗಕ್ಕೆ ನಾಲಗೆ, ಶಿವಲಿಂಗಕ್ಕೆ ಕಣ್ಣು, ಜಂಗಮಲಿಂಗಕ್ಕೆ ಚರ್ಮ, ಪ್ರಸಾದಲಿಂಗಕ್ಕೆ ಕಿವಿ, ಮಹಾಲಿಂಗಕ್ಕೆ ಹೃದಯ, ಹೀಗೆ ಆರು ಲಿಂಗಗಳಿಗೂ ಆರು ಮುಖಗಳನ್ನು ಹೇಳಿದ್ದಾರಷ್ಟೆ. ಗಂಧ, ರುಚಿ, ರೂಪ, ಸ್ಪರ್ಶ, ಶಬ್ದ, ತೃಪ್ತಿ ಇವೇ ಅರ್ಪಿಸತಕ್ಕ ಪದಾರ್ಥಗಳು. ಎಂದರೆ ನಮ್ಮ ಮತದಲ್ಲಿ ಇಂದ್ರಿಯಗಳು ಶತ್ರುಗಳೂ ಅಲ್ಲ, ಬರಿಯ ಕಿಟಕಿಗಳೂ ಅಲ್ಲ. ಅರ್ಪಣವು ನಡೆಯುವ ಬಾಗಿಲುಗಳು. ಹಾಗಾದ ಮೇಲೆ ಕೂಸಿನ ಕಿವಿಗೆ ನಾವು ಸುರಿಯುವ ಶಬ್ದವು ಎಲ್ಲಿಗೆ ಸಲ್ಲುವದೆಂಬದನ್ನು ವಿಚಾರಿಸಬೇಡವೇ? ಹಿತವಾದುದು ಅರ್ಪಿತವಾಗುವದು, ಅಳಿಸಿದುದು ಅರ್ಪಿತವಾಗುವದೆಂದು ನಾನೆಲ್ಲಿಯೂ ಓದಿಲ್ಲ. ಬಾಗಿಲು ಅಗಲವಾಗಿ ತೆರೆದಿರುವ ಮನೆಗೆ ಹೊಳೆಯ ನೀರನ್ನು ನುಗ್ಗಿಸಿ, ಅಭಿಷೇಕ ಮಾಡಿದೆವೆಂದು ಹೇಳಲು ಬಾರದು.

ಆದುದರಿಂದ ಏನು ಮಾಡಬೇಕು? ಶಬ್ದದಿಂದಲೇ ಆರಂಭಿಸುತ್ತೇನೆ; ದೂರುಗಳಲ್ಲಿ ಹೆಚ್ಚಿನವು ಅದರವೇ.

ಗೋಕಾಕದ ಜಲಪಾತವನ್ನು ನೋಡದವರು ಇಲ್ಲಿ ಯಾರೂ ಇರಲಾರರು. ಮಳೆಗಾಲದಲ್ಲಿ ಘಟಪ್ರಭೆಯು ಸುಮಾರು ೧೭೦ ಅಡಿ ಎತ್ತರದಿಂದ ಧುಮುಕುವಾಗ ಪಕ್ಕದವರ ಮಾತು ಕೇಳಿಸುವದಿಲ್ಲ. ಪೀಪಿಯ ಸದ್ದಿಗೆ ಚೀರುವ ಮಗುವು ಆ ಭೋರ್ಗರೆತದ ಮುಂದೆ ಸುಮ್ಮನೆ ನಿಂತು ನೋಡುವದೂ ಉಂಟು. ಇದರಿಂದ ಹಲವರು ಆ ಮಗುವು ಬೇಕೆಂದೇ ಸೋಗು ಹಾಕುವದೆಂದು ತಿಳಿಯುವರು. ನಿಜವಾದ ಕಾರಣ ಬೇರೆ. ಜಲಪಾತದ ಸದ್ದು ಏಕಧಾರೆಯದು. ಮುಂದಿನ ಕ್ಷಣದಲ್ಲಿ ಏನು ಬರುವದೆಂಬದು ಕಿವಿಗೆ ಮೊದಲೇ ಗೊತ್ತು. ಪಟಾಕಿ, ಗರ್ನಾಲು, ಒಮ್ಮೆಲೆ ಮೊಳಗುವ ಹಲಗೆ, ಕರ್ಕಶವಾಗಿ ಚೀರುವ ಧ್ವನಿವರ್ಧಕ, ಇವು ಹೇಳದೆ ಕೇಳದೆ ಬರುವವು. ಕ್ಯಾನರರು ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿದ್ದರು: ಹೊರಗಿನಿಂದ ನುಗ್ಗಿಬಂದ ಸದ್ದಿಗೆ ನಡುಗುವ ಮಗುವೇ ಅಷ್ಟೇ ದೊಡ್ಡ ಸದ್ದನ್ನು ತಾನಾಗಿ ಮಾಡಿ ಸಂತೋಷಪಡುವದು. ಈ ಒಂದು ಮಾತಿನಿಂದ ನಮಗೆ ದೊಡ್ಡ ಉಪಕಾರವಾಗಿದೆ. ಮಂಗಳಾರತಿಯ ಹೊತ್ತಿನಲ್ಲಿ ಮಗುವನ್ನು ಘಂಟೆಯ ಕೆಳಗೆ ಎತ್ತಿಹಿಡಿದು ನಿಲ್ಲಬೇಡಿರಿ. ಜನ ಬರುವದಕ್ಕೆ ಮುಂಚೆ ಕರೆತಂದು ಅದರ ಕೈಗೇ ಘಂಟೆಯ ಹಗ್ಗವನ್ನು ಕೊಡಿರಿ. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ, ತನಗೆ ಬೇಕಾದಷ್ಟು ಬಾರಿಸಲಿ. ಸದ್ದು ಎಲ್ಲಿಂದ ಹುಟ್ಟುವದೆಂದು ಕೈಯಿಂದ ತಿಳಿದುಕೊಂಡ ಮೇಲೆ ಕಿವಿಗೆ ಅಷ್ಟು ಅಂಜಿಕೆ ಉಳಿಯುವದಿಲ್ಲ. ಇದು ಎಲ್ಲ ಮಕ್ಕಳಿಗೂ ಫಲಿಸುವದೆಂದು ಪ್ರತಿಜ್ಞೆ ಮಾಡಲಾರೆ. ಫಲಿಸಿದವರನ್ನು ಕಂಡಿದ್ದೇನೆ.

ಹಾಗಾದರೆ ಒಂದು ಕೂಸಿಗಾಗಿ ವಾದ್ಯಗಳನ್ನು ನಿಲ್ಲಿಸಬೇಕೇ ಎಂದು ಕೇಳುವವರುಂಟು. ಈ ಪ್ರಶ್ನೆಯು ಸಹಜವಾದುದು. ನಾನು ಅದನ್ನು ಹಗುರಾಗಿ ತೆಗೆದುಕೊಳ್ಳುವದಿಲ್ಲ. ಕರಡಿಮಜಲು ನಮ್ಮ ಸೀಮೆಯ ಹೆಮ್ಮೆ. ಪುರವಂತರ ಒಡಪು, ನಂದಿಕೋಲಿನ ಕುಣಿತ, ಶಹನಾಯಿ, ಸಂಬಾಳ ಇವಿಲ್ಲದೆ ತೇರು ತೇರಾಗದು. ಇವನ್ನು ನಿಲ್ಲಿಸಿರೆಂದು ಯಾವ ತಾಯಿಯೂ ಕೇಳಿಲ್ಲ. ಆದರೆ ಇತ್ತೀಚಿನ ಡಿ.ಜೆ. ಎಂಬ ಪೆಟ್ಟಿಗೆಗಳ ರಾಶಿಯು ನಮ್ಮ ಪರಂಪರೆಯದೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಅದರ ಮಂದ್ರಸ್ವರವು ಕಿವಿಯಿಂದ ಹೋಗದೆ ಎದೆಯ ಗೂಡಿನಿಂದ ಒಳಹೊಗುವದು. ಅಂಥ ತಗ್ಗಿನ ಧ್ವನಿಯನ್ನು ತಡೆಯುವದು ದಪ್ಪ ಗೋಡೆಗಳಿಗೂ ಕಠಿಣ. ವೃದ್ಧರೂ ಬಾಣಂತಿಯರೂ ಇದರಿಂದ ಪಡುವ ಪಾಡು ಬೇರೆಯೇ ಇದೆ, ಅದನ್ನಿಲ್ಲಿ ವಿಸ್ತರಿಸುವದಿಲ್ಲ.

ಈ ವಿಷಯದಲ್ಲಿ ಸರಕಾರದ ಕಟ್ಟಳೆಯೂ ಇದೆ. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯ ಕೇರಿಗಳಲ್ಲಿ ಹಗಲಿಗೆ ೫೫ ಡೆಸಿಬಲ್, ರಾತ್ರಿಗೆ ೪೫ ಡೆಸಿಬಲ್ ಮೇರೆ. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರ ವರೆಗೆ. ನಾಲ್ಕು ಮೀಟರು ದೂರದಲ್ಲಿ ೧೨೫ ಡೆಸಿಬಲ್ಲನ್ನು ಮೀರಿ ಸಿಡಿಯುವ ಪಟಾಕಿಗಳನ್ನು ತಯಾರಿಸುವದೂ ಮಾರುವದೂ ನಿಷಿದ್ಧ. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೀಪಾವಳಿಯ ಪಟಾಕಿಗೆ ರಾತ್ರಿ ಎಂಟರಿಂದ ಹತ್ತರ ವರೆಗೆ ಎರಡು ತಾಸುಗಳನ್ನು ಗೊತ್ತುಮಾಡಿತು. ಡೆಸಿಬಲ್ ಎಂಬ ಈ ಅಳತೆಯಲ್ಲಿ ಹತ್ತು ಹೆಚ್ಚಾದರೆ ಶಬ್ದದ ಶಕ್ತಿಯು ಹತ್ತು ಮಡಿ ಹೆಚ್ಚಿದಂತೆ. ಇಪ್ಪತ್ತು ಹೆಚ್ಚಾದರೆ ನೂರು ಮಡಿ. ಆದರೆ ಬಯಲಿನಲ್ಲಿ ದೂರವು ಇಮ್ಮಡಿಯಾದಾಗಲೆಲ್ಲ ಸುಮಾರು ಆರು ಡೆಸಿಬಲ್ ಇಳಿಯುವದು. ಹತ್ತು ಹೆಜ್ಜೆಯಲ್ಲಿ ನಿಂತ ಮಗುವನ್ನು ನಲವತ್ತು ಹೆಜ್ಜೆಗೆ ಒಯ್ದರೆ ಹನ್ನೆರಡು ಡೆಸಿಬಲ್ ಕಡಿಮೆಯಾಯಿತು. ದಾಸೋಹದ ಪಡಸಾಲೆಯ ಕಡೆಗೆ ಬಾಯ್ದೆರೆದಿರುವ ಧ್ವನಿವರ್ಧಕವನ್ನು ಬಯಲಿಗೆ ತಿರುಗಿಸಲು ಒಂದು ಏಣಿ, ಒಬ್ಬ ಆಳು ಸಾಕು, ಖರ್ಚೇನೂ ಇಲ್ಲ. ಕಿವಿಗೆ ಅರಳೆ ಇಡುವದರಿಂದ ಪ್ರಯೋಜನವು ಅಲ್ಪ. ಯಂತ್ರಶಾಲೆಗಳ ಕೆಲಸಗಾರರು ತೊಡುವ, ಕಿವಿಯನ್ನು ಪೂರ್ತಿ ಮುಚ್ಚುವ ಸಾಧನವು ಮಕ್ಕಳ ಅಳತೆಯಲ್ಲಿಯೂ ಸಿಗುವದು. ಅದನ್ನು ತೊಟ್ಟ ಮಗುವನ್ನು ಕಂಡು ನಗಬಾರದು. ಕನ್ನಡಕ ಹಾಕಿದ ಅಜ್ಜನನ್ನು ಕಂಡು ಯಾರೂ ನಗುವದಿಲ್ಲವಷ್ಟೆ.

ಶಬ್ದದ ಮಾತು ದೀರ್ಘವಾಯಿತು. ಬೆಳಕಿನ ವಿಷಯದಲ್ಲಿ ಹೇಳತಕ್ಕದ್ದು ಕಡಿಮೆ: ಮಿಣಮಿಣನೆ ಹತ್ತಿ ಆರುವ ಬಣ್ಣದ ದೀಪಮಾಲೆಗಳು ಕೆಲವು ಮಕ್ಕಳ ಕಣ್ಣನ್ನು ಕುಕ್ಕುವವು; ಸ್ಥಿರವಾಗಿ ಉರಿಯುವ ಹಣತೆಯು ಯಾರನ್ನೂ ನೋಯಿಸದು. ಲೋಬಾನ, ಕರ್ಪೂರಗಳ ಹೊಗೆಯು ಮುಚ್ಚಿದ ಗರ್ಭಗುಡಿಯಲ್ಲಿ ದಟ್ಟವಾಗಿರುವಾಗ ಅಂಥ ಮಗುವನ್ನು ಬಾಗಿಲ ಹೊರಗೆ ಗಾಳಿಯಲ್ಲಿ ನಿಲ್ಲಿಸಿ ದರ್ಶನ ಮಾಡಿಸಬಹುದು.

ಸ್ಪರ್ಶದ ವಿಷಯವು ಮಾತ್ರ ನಮ್ಮ ಸಮಾಜಕ್ಕೆ ಹೆಚ್ಚು ನಾಜೂಕಾದುದು. ಏಕೆಂದರೆ ನಮ್ಮಲ್ಲಿ ಲಿಂಗವು ಅಂಗದ ಮೇಲೆಯೇ ಇರುವದು. ಕೆಲವು ಮನೆಗಳಲ್ಲಿ ಹಬ್ಬಕ್ಕೆಂದು ಮಕ್ಕಳಿಗೆ ಹೊಸ ಶಿವದಾರವನ್ನು ಹಾಕುವರು. ಚರ್ಮವು ಅತಿಸೂಕ್ಷ್ಮವಾದ ಮಗುವಿಗೆ ಕೊರಳಲ್ಲಿ ಗರಿಯಾದ ದಾರವು ಉಜ್ಜುವದು ತಾಳದು. ಬೆಳ್ಳಿಯ ಕರಡಿಗೆಯ ಭಾರವೂ ತಾಳದು. ಕಿತ್ತು ಬಿಸುಡುವದು. ತಾಯಿ-ಅಜ್ಜಿಯರು ಲಿಂಗದ್ರೋಹವಾಯಿತೆಂದು ಗೋಳಾಡುವರು. ಒಂದು ಮನೆಯಲ್ಲಿ ಮೂರು ದಿನ ಒಲೆ ಹೊತ್ತಲಿಲ್ಲವೆಂದು ಕೇಳಿದ್ದೇನೆ. ಶರಣ ತಾಯಂದಿರೇ, ಈ ಒಂದು ಮಾತನ್ನು ಹೇಳುವದಕ್ಕಾಗಿಯೇ ನಾನು ಈ ವಿಷಯವನ್ನು ಎತ್ತಿಕೊಂಡೆನೆಂದರೂ ಸಲ್ಲುವದು. ಲಿಂಗವನ್ನು ಕೊರಳಲ್ಲಿಯೇ ಧರಿಸಬೇಕೆಂಬ ನಿರ್ಬಂಧವು ಶಾಸ್ತ್ರದಲ್ಲಿಲ್ಲ. ಶಿರ, ಕಂಠ, ಕಂಕುಳ, ಎದೆ, ಉದರ, ಕೈ ಎಂಬ ಆರು ಸ್ಥಾನಗಳನ್ನು ಸಿದ್ಧಾಂತಶಿಖಾಮಣಿಯು ಹೇಳಿ, ನಾಭಿಯಿಂದ ಕೆಳಗೆ ಧರಿಸಬಾರದೆಂದು ನಿಷೇಧಿಸಿದೆ. ಕೊರಳಿಗೆ ಒಗ್ಗದಿದ್ದರೆ ಮೆತ್ತಗಿನ ಹಳೆಯ ನೂಲಿನ ಬಟ್ಟೆಯಲ್ಲಿ ಲಿಂಗವನ್ನು ಸುತ್ತಿ ಎದೆಗೆ ಅಗಲವಾದ ಪಟ್ಟಿಯಂತೆ ಕಟ್ಟಬಹುದು, ತೋಳಿಗೆ ಕಟ್ಟಬಹುದು. ಹತ್ತು ಸಲ ತೊಳೆದು ಮೆದುವಾದ ಅರಳೆಯ ದಾರವು ಹೊಸ ರೇಶಿಮೆಗಿಂತ ಲಿಂಗಕ್ಕೆ ಕಡಿಮೆಯದಲ್ಲ. ಮಗುವಿಗೆ ಅದೂ ಆಗದ ದಿನ, ಪೂಜೆಯ ಹೊತ್ತಿಗೆ ಅಂಗೈಯಲ್ಲಿ ಇಟ್ಟು ತಾಯಿಯೇ ತನ್ನ ಕೈಯನ್ನು ಮೇಲೆ ಮುಚ್ಚಲಿ. ಸಂದೇಹವಿದ್ದವರು ಮಠಕ್ಕೆ ಬಂದು ಗುರುಗಳನ್ನು ಕೇಳಲಿ, ಮಗುವನ್ನು ಬಡಿಯಬೇಡಿರಿ.

ಮೆಲುವಾಗಿ ಸವರುವ ಸ್ಪರ್ಶಕ್ಕಿಂತ ಒತ್ತಿಹಿಡಿದ ಸ್ಪರ್ಶವೇ ಇಂಥ ಅನೇಕ ಮಕ್ಕಳಿಗೆ ಹಿತವಾಗಿರುವದು. ಮೇಲೆ ಹೇಳಿದ ಗ್ರ್ಯಾಂಡಿನ್ ವಿದುಷಿಯು ಹದಿಹರೆಯದಲ್ಲಿ ತನ್ನ ಸಂಬಂಧಿಕರ ದನದ ದೊಡ್ಡಿಯಲ್ಲಿ, ಎರಡೂ ಬದಿಯಿಂದ ಹಲಗೆಗಳು ಒತ್ತಿಹಿಡಿದಾಗ ಬೆದರಿದ ದನಗಳು ಶಾಂತವಾಗುವದನ್ನು ಕಂಡು, ತನಗಾಗಿ ಅಂಥದೇ ಒಂದು ಸಾಧನವನ್ನು ಮಾಡಿಕೊಂಡಳು. ಮೂಡಲಗಿಯ ದನದ ಸಂತೆಗೆ ಹೋಗುವ ನಮ್ಮ ರೈತರಿಗೆ ಇದು ಹೊಸ ಸಂಗತಿಯಲ್ಲ. ಕಾರಹುಣ್ಣಿವೆಯ ದಿನ ಎತ್ತು ಬೆದರಿದರೆ, ‘ಹಲಗಿ ನಿಂದರಸ್ರಿ’ ಎಂದು ಕೂಗಿ, ಅದರ ಕೊರಳನ್ನು ತಬ್ಬಿ ಹಿಡಿದು ಸಮಾಧಾನಪಡಿಸುವ ಯಜಮಾನನೇ, ಮಗನು ಬೆದರಿದರೆ ಕಪಾಳಕ್ಕೆ ಹೊಡೆಯುವದೇಕೆಂಬದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ. ವಿಭೂತಿಯನ್ನು ಹಚ್ಚುವಾಗ ಮೂರು ಬೆರಳಿನಿಂದ ಮೆಲ್ಲಗೆ ಎಳೆಯುವ ಬದಲು ಅಂಗೈಯಿಂದ ಹಣೆಯನ್ನು ಒಂದು ಸಲ ಒತ್ತಿಹಿಡಿದು, ಆಮೇಲೆ ಹಚ್ಚಿದರೆ ಕೆಲವರು ಒಪ್ಪಿಕೊಳ್ಳುವರು. ತಾವೇ ಹಚ್ಚಿಕೊಳ್ಳುತ್ತೇವೆಂದರೆ ಇನ್ನೂ ಮೇಲು. ಸೊಟ್ಟಗಾದರೂ ವಿಭೂತಿಯೇ. ನೆಂಟರು ಗಲ್ಲ ಚಿವುಟುವದನ್ನೂ, ಒಬ್ಬರ ಕೈಯಿಂದ ಒಬ್ಬರು ಕೂಸನ್ನು ಕಿತ್ತುಕೊಳ್ಳುವದನ್ನೂ ಸೋದರತ್ತೆ, ಸೋದರಮಾವಂದಿರು ಪ್ರೀತಿಯಿಂದಲೇ ಮಾಡುವರು, ಆದರೂ ಬಿಡಬೇಕು. ಗೋಕಾಕದ ಗ್ರಾಮದೇವತೆಯ ಜಾತ್ರೆಯು ಹಲವು ವರುಷಗಳ ಅಂತರದ ಮೇಲೆ ೨೦೨೫ರಲ್ಲಿ ಜರುಗಿದಾಗ ಭಂಡಾರದಿಂದ ಬೀದಿಗಳೆಲ್ಲ ಹಳದಿಯಾದುದನ್ನು ತಾವು ಬಲ್ಲಿರಿ. ಭಂಡಾರವಾಗಲಿ ಓಕಳಿಯಾಗಲಿ, ಬೇಡವೆಂದ ಮಗುವಿನ ಮೇಲೆ ಎರಚಬಾರದು. ಮಾಳಿಗೆಯ ಮೇಲಿನಿಂದ ನೋಡಲು ಬಿಟ್ಟರೆ ಅದರ ಹಬ್ಬವೂ ಆಯಿತು.

ಪ್ರಸಾದದ ಪ್ರಶ್ನೆಯನ್ನು ಹಲವರು ಕೇಳಿದ್ದಾರೆ. ಪಂಕ್ತಿಯಲ್ಲಿ ಕುಳಿತ ಮಗುವು ಹುಗ್ಗಿಯನ್ನು ಬಾಯಿಗಿಟ್ಟೊಡನೆ ಉಗುಳುವದು. ಪ್ರಸಾದವನ್ನು ಉಗುಳಿದನೆಂದು ಹಿರಿಯರು ಬೆಚ್ಚಿಬೀಳುವರು. ಗೋದಿಯ ಕಾಳು ನಾಲಗೆಗೆ ತಗುಲುವ ಪರಿಯೇ ಅದಕ್ಕೆ ಸೇರದು, ರುಚಿಯ ಮಾತಲ್ಲ. ಪ್ರಸಾದದ ನಿಯಮವು ಹೇಳುವದೇನು? ಪಡೆದುದನ್ನು ಚೆಲ್ಲಬಾರದೆಂದು. ಇಷ್ಟನ್ನೇ ಪಡೆಯಬೇಕೆಂದು ಅದು ಎಲ್ಲಿಯೂ ಅಳತೆ ಹಾಕಿಲ್ಲ. ಒಂದು ಅಗುಳು ಪ್ರಸಾದವೂ ಪ್ರಸಾದವೇ. ಬಡಿಸುವವರು ಕೇಳದೆ ಸೌಟು ಸುರಿಯದೆ, ಕೇಳಿ ಬಡಿಸಿದರೆ ಚೆಲ್ಲು ತಾನೇ ನಿಲ್ಲುವದು. ರೊಟ್ಟಿಯೊಂದನ್ನೇ ತಿನ್ನುವ ಹುಡುಗನಿಗೆ ರೊಟ್ಟಿಯನ್ನೇ ಕೊಡಿರಿ. ಮನೆಯಿಂದ ತಂದ ಬುತ್ತಿಯನ್ನು ಗುರುಗಳ ಮುಂದಿಟ್ಟು ಕರುಣಪ್ರಸಾದ ಮಾಡಿಸಿಕೊಂಡು ಉಣ್ಣಿಸಿದರೆ ಯಾವ ಕೊರತೆಯೂ ಇಲ್ಲ.

ಈ ವರೆಗೆ ಬೆದರುವ ಮಕ್ಕಳ ಮಾತಾಯಿತು. ಇದಕ್ಕೆ ವಿರುದ್ಧವಾಗಿ, ಇಂದ್ರಿಯವಿಷಯಗಳ ಹಸಿವೆಯುಳ್ಳ ಮಕ್ಕಳೂ ಇರುವರು. ತಿರುಗುವ ಗಾಲಿಯನ್ನು ಕಂಡರೆ ಅದರ ಕಡೆಗೇ ಓಡುವರು. ನೋವೂ ಬೇಗನೆ ತಿಳಿಯದು. ತೇರಿನ ಗಾಲಿಯ ಹತ್ತಿರ ಇವರನ್ನು ಕ್ಷಣಮಾತ್ರವೂ ಬಿಡಬಾರದು. ಇನ್ನೂ ಘೋರವಾದ ಅಪಾಯವೊಂದಿದೆ. ಗದ್ದಲ ತಾಳದೆ ಓಡಿಹೋದ ಇಂಥ ಮಕ್ಕಳು ಹೆಸರು ಹಿಡಿದು ಕೂಗಿದರೆ ಓಗೊಡದಿರಬಹುದು. ಕಳೆದ ಮಗುವನ್ನು ಧ್ವನಿವರ್ಧಕದಲ್ಲಿ ಕೂಗಿ ಕರೆಯುವ ನಮ್ಮ ಜಾತ್ರೆಗಳ ಪದ್ಧತಿಯು ಇವರ ಮಟ್ಟಿಗೆ ನಿಷ್ಫಲ. ಕೂಗಿದಷ್ಟೂ ದೂರ ಓಡುವರು. ಮತ್ತು ಆಟಿಸಂ ಉಳ್ಳ ಅನೇಕ ಮಕ್ಕಳಿಗೆ ನೀರಿನ ಸೆಳೆತವು ಬಲವಾಗಿರುವದು. ಹೀಗೆ ತಪ್ಪಿಸಿಕೊಂಡ ಮಕ್ಕಳು ನೀರಿಗೆ ಬಿದ್ದು ಸತ್ತ ಸಂಗತಿಗಳು ದೇಶದೇಶಗಳಲ್ಲಿ ದಾಖಲೆಯಾಗಿವೆ. ಗೋಕಾಕವು ಘಟಪ್ರಭೆಯ ದಂಡೆಯ ಊರು. ಹುಕ್ಕೇರಿಯ ಸೀಮೆಯಲ್ಲಿ ಹಿರಣ್ಯಕೇಶಿಯುಂಟು, ಹಿಡಕಲ್ಲಿನ ಜಲಾಶಯವುಂಟು. ಕಾಲುವೆ, ಬಾವಿ, ಹೊಲದ ಹೊಂಡಗಳು ಎಲ್ಲೆಡೆಗೂ ಇವೆ. ಮಗು ಕಾಣೆಯಾಯಿತೆಂದು ತಿಳಿದ ಕೂಡಲೆ ಇಬ್ಬರು ಮೊದಲು ನೀರಿನ ದಂಡೆಗೆ ಓಡಬೇಕು; ಅಂಗಡಿಸಾಲುಗಳನ್ನು ಉಳಿದವರು ಹುಡುಕಲಿ. ಮನೆಯಿಂದ ಹೊರಡುವಾಗಲೇ ತಂದೆಯ ಟೆಲಿಫೋನಿನ ಅಂಕೆಯನ್ನು ಬಟ್ಟೆಯ ತುಂಡಿನ ಮೇಲೆ ಬರೆದು ಮಗುವಿನ ಉಡದಾರಕ್ಕೆ ಹೊಲಿಯಿರಿ. ಚೀಟಿಯನ್ನು ಕಿಸೆಯಲ್ಲಿಟ್ಟರೆ ಹೋಗುವದು, ಉಡದಾರವು ಹೋಗುವದಿಲ್ಲ.

ಮನೆಯವರು ಮಾಡತಕ್ಕ ಇನ್ನೊಂದು ಕೆಲಸವುಂಟು: ಮುಂದಾಗಿ ತಿಳಿಸುವದು. ಹಬ್ಬವೆಂದರೆ ದಿನಚರಿಯು ತಲೆಕೆಳಗಾಗುವದು. ನಮಗದೇ ಸುಖ, ಈ ಮಕ್ಕಳಿಗೆ ಅದೇ ದುಃಖ. ನಾಲ್ಕು ದಿನ ಮೊದಲೇ ಕಳೆದ ವರುಷದ ತೇರಿನ ಚಿತ್ರವನ್ನು ತೋರಿಸಿ, ಮೊದಲು ಪಾಲಕಿ, ಆಮೇಲೆ ವಾದ್ಯ, ಆಮೇಲೆ ತೇರು, ಆಮೇಲೆ ಮನೆಗೆ ಎಂದು ಕ್ರಮವಾಗಿ ಹೇಳಿರಿ. ಹೊಸ ಅಂಗಿಯನ್ನು ಹಬ್ಬದ ಮೊದಲೇ ನಾಲ್ಕು ಸಲ ಒಗೆದು, ಕೊರಳ ಹಿಂದಿನ ಚೀಟಿಯನ್ನು ಕತ್ತರಿಸಿ ತೆಗೆಯಿರಿ; ಇಲ್ಲವೆ ಹಳೆಯದನ್ನೇ ತೊಡಿಸಿರಿ. ನೆಂಟರು ಬಂದು ಮನೆ ತುಂಬಿದಾಗ ಒಂದು ಮೂಲೆಯನ್ನು ಅದಕ್ಕೆಂದೇ ಬಿಡಿರಿ. ಸಾಕೆಂದು ಸನ್ನೆ ಮಾಡಿದರೆ, ಇನ್ನೊಂದು ಗಳಿಗೆ ಎನ್ನದೆ ಎದ್ದು ಬರಬೇಕು. ಮಾತು ಉಳಿಸಿಕೊಂಡ ತಂದೆ-ತಾಯಿಗಳನ್ನು ಮಗುವು ಮುಂದಿನ ಸಲ ನಂಬಿ ಹಿಂದೆ ಬರುವದು. ಮಗುವಿನ ಸ್ಥಿತಿ ಏನೆಂದು ತಿಳಿಯದವರು ಅಂಗನವಾಡಿಗೂ ಶಾಲೆಗೂ ಬರುವ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಲಿ. ೨೦೧೩ರಲ್ಲಿ ಆರಂಭವಾದ ಈ ಏರ್ಪಾಟು ಉಚಿತವಾದುದು. ಮಾತು ಬಾರದ ಮಕ್ಕಳಿಗೆ ಮೈಸೂರಿನ ಅಖಿಲ ಭಾರತ ವಾಕ್-ಶ್ರವಣ ಸಂಸ್ಥೆಯೂ ಉಂಟು.

ಕಡೆಗೆ, ಶ್ರೀಮಠದ ಜಾತ್ರೆಯ ವಿಷಯವಾಗಿ ಶ್ರೀಗಳವರ ಅಪ್ಪಣೆಯನ್ನೂ ಜಾತ್ರಾ ಸಮಿತಿಯವರ ಒಪ್ಪಿಗೆಯನ್ನೂ ಬೇಡುತ್ತೇನೆ. ತೇರು ಸಾಗುವದು ಸಂಜೆಗೆ. ಆದರೆ ಶೃಂಗಾರಗೊಂಡು ಬೆಳಗಿನಿಂದಲೇ ನಿಂತಿರುವದು. ಸೂರ್ಯೋದಯದಿಂದ ಒಂದು ತಾಸು, ವಾದ್ಯವೂ ಧ್ವನಿವರ್ಧಕವೂ ಇಲ್ಲದ ಹೊತ್ತನ್ನು ಈ ಮಕ್ಕಳಿಗೆ ಮೀಸಲಿಡಬೇಕು. ಅವರು ಬಂದು ಮಿಣಿಯನ್ನು ಮುಟ್ಟಲಿ, ನಿಂತ ಗಾಲಿಯ ಮೇಲೆ ಕೈಯಾಡಿಸಲಿ, ತಮ್ಮ ಪಾಲಿನ ಉತ್ತತ್ತಿಯನ್ನು ತಾವೇ ಹಾರಿಸಲಿ. ಶ್ರೀಗಳವರು ಆ ಹೊತ್ತಿನಲ್ಲಿ ಐದು ನಿಮಿಷ ಅಲ್ಲಿ ಕುಳಿತರೆ, ಏಳು ವರುಷ ತೇರು ಕಾಣದವರು ದರ್ಶನ ಪಡೆದು ಹೋಗುವರು. ಗ್ರಂಥಭಂಡಾರದ ಹಿಂದಿನ ಕಲ್ಲಿನ ಕೋಣೆಯು ಜಾತ್ರೆಯ ದಿನಗಳಲ್ಲಿ ಚಾಪೆ-ಪಾತ್ರೆಗಳನ್ನು ಒಟ್ಟುವ ಉಗ್ರಾಣವಾಗುತ್ತಿದೆ. ಅದನ್ನು ತೆರವುಮಾಡಿ, ಎರಡು ಕಂಬಳಿ, ಒಂದು ತಂಬಿಗೆ ನೀರು, ಸದ್ದು ಮಾಡದ ನಾಲ್ಕು ಗೋಕಾಕದ ಕಟ್ಟಿಗೆಯ ಆಟಿಗೆಗಳನ್ನಿಟ್ಟು, ಮಂದವಾದ ಒಂದು ದೀಪವನ್ನು ಹಚ್ಚಿದರೆ ಸಾಕು. ಬಾಗಿಲಲ್ಲಿ ಇಬ್ಬರು ತಾಯಂದಿರು ಸರದಿಯ ಮೇಲೆ ಕೂಡ್ರಲಿ; ಒಳಗೆ ಬಂದವರನ್ನು ‘ಏನಾಗೇತಿ ಇದಕ್ಕ?’ ಎಂದು ಕೇಳಬಾರದು. ಕೋಣೆಯ ಕೀಲಿಕೈಯು ಭಂಡಾರಿಗಳ ಸೊಂಟದಲ್ಲಿದ್ದರೆ ನಡುಹಗಲಿನಲ್ಲಿ ಅವರನ್ನು ಹುಡುಕುವದೇ ಒಂದು ಯಾತ್ರೆಯಾಗುವದು. ಅದನ್ನು ಆ ತಾಯಂದಿರ ಕೈಗೇ ಕೊಡಬೇಕೆಂದು ಬಿನ್ನವಿಸಿ ಕುಳಿತುಕೊಳ್ಳುತ್ತೇನೆ.